ಸಣ್ಣ ಉದ್ಯಮದ ಹೆಂಗಸರಿಗೆ ನೆಟ್‌ವರ್ಕ್ ಯಾಕೆ ಬೇಕು, ಸಮಾಜದ ಹೊಣೆ ಎಲ್ಲಿಂದ ಶುರು

ಮಂಗಳೂರು, ಉಡುಪಿ ಕಡೆ ಸ್ವಂತ ದುಡಿಮೆಯ ಹೆಂಗಸರಿಗೆ ಕೊರತೆ ಇಲ್ಲ. ಸುರತ್ಕಲ್‌ನ ಫ್ಲಾಟಿನಲ್ಲಿ ಕೇಕ್ ಮಾಡುವವರಿದ್ದಾರೆ. ಬಂಟ್ವಾಳದಲ್ಲಿ ಹಲಸಿನ ಹಪ್ಪಳ ಒಣಗಿಸುವವರು, ಮಣಿಪಾಲದಲ್ಲಿ ಪಿಜಿ ನಡೆಸುವವರು, ಕುಂದಾಪುರದಲ್ಲಿ ಪಾರ್ಲರ್ ಇಟ್ಟವರು, ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುವವರು ಇದ್ದಾರೆ. ಇವರಿಗೆಲ್ಲ ಎರಡು ಸಲಹೆ ಆಗಾಗ ಸಿಗುತ್ತವೆ. ಒಂದು, ನೆಟ್‌ವರ್ಕ್ ಬೆಳೆಸಿಕೊಳ್ಳಿ. ಇನ್ನೊಂದು, ಸಮಾಜಕ್ಕೂ ಏನಾದರೂ ಮಾಡಿ. ಮೊದಲನೆಯದು ಅಂದರೆ ಸಭೆಗೆ ಹೋಗಿ ಕಾರ್ಡ್ ಕೊಡುವುದು, ವಾಟ್ಸಾಪ್ ಗುಂಪು ಸೇರುವುದು. ಎರಡನೆಯದು ಅಂದರೆ ವರ್ಷಕ್ಕೊಮ್ಮೆ ಆಶ್ರಮಕ್ಕೆ ಊಟ, ಶಾಲೆಗೆ ಪುಸ್ತಕ. ಹೀಗೆ ಎರಡನ್ನೂ ಬೇರೆ ಬೇರೆ ಕೆಲಸ ಅಂತಲೇ ಹೇಳಿಕೊಡುತ್ತಾರೆ.

ನಾನು ಇದನ್ನು ಬೇರೆ ಥರ ನೋಡುತ್ತೇನೆ. ದೊಡ್ಡ ಕಂಪನಿಗೆ ಜಾಹೀರಾತು ಇದೆ, ಬ್ರ್ಯಾಂಡ್ ಇದೆ. ಸಣ್ಣ ಉದ್ಯಮಕ್ಕೆ ಇರುವುದು ಜನರ ಬಾಯಿಮಾತು ಮಾತ್ರ. ಆ ಬಾಯಿಮಾತು ಏನು ಹೇಳುತ್ತದೆ ಅನ್ನುವುದು ನಾವು ಕೆಲಸದವರಿಗೆ ಹೇಗೆ ಸಂಬಳ ಕೊಟ್ಟೆವು, ಮಾಲು ಕೊಟ್ಟವರ ಬಾಕಿ ಯಾವಾಗ ತೀರಿಸಿದೆವು, ತಿಂಡಿಗೆ ಯಾವ ಎಣ್ಣೆ ಹಾಕಿದೆವು ಅನ್ನುವುದರ ಮೇಲೆ ನಿಂತಿದೆ. ಅಂದರೆ ನೆಟ್‌ವರ್ಕಿನಲ್ಲಿ ಓಡಾಡುವುದು ನಮ್ಮ ಹೊಣೆಗಾರಿಕೆಯ ಸುದ್ದಿಯೇ. ಒಂದನ್ನು ಬಿಟ್ಟು ಇನ್ನೊಂದನ್ನು ಬೆಳೆಸಲು ಆಗುವುದಿಲ್ಲ. ಇದು ಹೇಗೆ ಅಂತ ಬಿಡಿಸಿ ನೋಡೋಣ.

ಮೊದಲು ನೆಟ್‌ವರ್ಕ್. 2013-14ರಲ್ಲಿ ನಡೆದ ಆರನೇ ಆರ್ಥಿಕ ಗಣತಿಯ ಪ್ರಕಾರ ದೇಶದಲ್ಲಿ ಹೆಂಗಸರ ಒಡೆತನದ ಉದ್ಯಮಗಳು ಸುಮಾರು 80.5 ಲಕ್ಷ. ಒಟ್ಟು ಉದ್ಯಮಗಳಲ್ಲಿ ಇದು ಶೇ 14ಕ್ಕೂ ಸ್ವಲ್ಪ ಕಡಿಮೆ. ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ. ಈ ಉದ್ಯಮಗಳಲ್ಲಿ ಶೇ 83ರಷ್ಟು ಕಡೆ ಸಂಬಳಕ್ಕೆ ಇಟ್ಟ ಒಬ್ಬ ಕೆಲಸದವರೂ ಇಲ್ಲ. ಮಾಡುವುದು, ಮಾರುವುದು, ಲೆಕ್ಕ ಬರೆಯುವುದು ಎಲ್ಲ ಒಬ್ಬರೇ, ಜಾಸ್ತಿ ಅಂದರೆ ಮನೆಯವರ ಕೈ. ಒಬ್ಬರೇ ದುಡಿಯುವಾಗ ದೊಡ್ಡ ಕಷ್ಟ ಸುಸ್ತು ಅಲ್ಲ. ಸರಿಯಾದ ರೇಟು ಎಷ್ಟು ಅಂತ ಕೇಳಲು ಯಾರೂ ಇಲ್ಲದಿರುವುದು. ಪಕ್ಕದ ಬೀದಿಯ ಟೈಲರ್ ಲೈನಿಂಗ್ ಬ್ಲೌಸಿಗೆ ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ಗೊತ್ತಿಲ್ಲದಿದ್ದರೆ "ಅಲ್ಲಿ ಕಡಿಮೆಗೆ ಮಾಡಿ ಕೊಡ್ತಾರೆ" ಅನ್ನುವ ಗಿರಾಕಿಯ ಮಾತಿಗೆ ತಲೆಬಾಗಲೇಬೇಕು. ಆ ಟೈಲರ್‌ಗೂ ಅದೇ ಮಾತು ಹೇಳಿರುತ್ತಾರೆ ಅನ್ನುವುದು ಇಬ್ಬರೂ ಮಾತಾಡಿಕೊಂಡಾಗಲೇ ತಿಳಿಯುವುದು.

ಇದಕ್ಕೆ ಒಳ್ಳೆಯ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ, ಶಂಕರಪುರದಲ್ಲಿ. ಕಾಪು ತಾಲೂಕಿನ ಈ ಊರು ಮತ್ತು ಸುತ್ತಮುತ್ತಲಿನ ಮನೆಗಳ ಅಂಗಳದಲ್ಲಿ ಮಲ್ಲಿಗೆ ಗಿಡ. ಬೆಳಗ್ಗೆ ಬೇಗ ಮೊಗ್ಗು ಕೊಯ್ಯಬೇಕು, ಅರಳಿದರೆ ಬೆಲೆ ಇಲ್ಲ. ಆಮೇಲೆ ಬಾಳೆನಾರಿನಲ್ಲಿ ಕಟ್ಟುವ ಕೆಲಸ. ಮನೆಯ ಹೆಂಗಸರು, ಅಕ್ಕಪಕ್ಕದವರು ಕೂತು ಕೈ ಬಿಡದೆ ಕಟ್ಟುತ್ತಾರೆ. ಸುಮಾರು 800 ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವು ಮಂಗಳೂರಿಗೆ, ಅಲ್ಲಿಂದ ಮುಂಬೈವರೆಗೆ ಹೋಗುತ್ತದೆ. ಮದುವೆಯ ಮುಹೂರ್ತ ಜೋರಾದರೆ ಅಟ್ಟೆಗೆ ಸಾವಿರ ದಾಟುತ್ತದೆ, ಎರಡು ಸಾವಿರವನ್ನೂ ಮುಟ್ಟಿದ್ದುಂಟು. ಹೂವು ಜಾಸ್ತಿ ಬಂದು ಕೇಳುವವರು ಕಡಿಮೆಯಾದರೆ ನೂರರ ಲೆಕ್ಕಕ್ಕೆ ಇಳಿಯುತ್ತದೆ.

ಇಲ್ಲಿ ಗಮನಿಸಬೇಕಾದ್ದು ಬೆಲೆ ಏರಿಳಿತ ಅಲ್ಲ. ಆ ದಿನದ ದರ ಒಂದೇ, ಅದು ಎಲ್ಲರಿಗೂ ಗೊತ್ತು. ನಾಲ್ಕು ಗಿಡ ಇಟ್ಟುಕೊಂಡ ವಿಧವೆಗೂ ನಲವತ್ತು ಗಿಡ ಇರುವ ಮನೆಗೂ ಅಟ್ಟೆಯ ಲೆಕ್ಕ ಒಂದೇ, ದರವೂ ಒಂದೇ. ಅಟ್ಟೆ ಅಂದರೆ ಎಷ್ಟು ಹೂವು ಅಂತ ಉಡುಪಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಚೆಂಡಿನಲ್ಲಿ ಹೂವು ಕಡಿಮೆ ಮಾಡಿದರೆ ಕೊಳ್ಳುವವರಿಗೆ ಗೊತ್ತಾಗುತ್ತದೆ, ಆ ಮನೆಯ ಹೆಸರೂ ಗೊತ್ತಾಗುತ್ತದೆ. ನೆಟ್‌ವರ್ಕ್ ಅಂದರೆ ನನ್ನ ಮಟ್ಟಿಗೆ ಇದೇ. ಎಲ್ಲರಿಗೂ ತಿಳಿದ ಅಳತೆ, ಎಲ್ಲರಿಗೂ ತಿಳಿದ ದರ, ಮೋಸ ಮಾಡಿದರೆ ಬೇಗ ಹರಡುವ ಸುದ್ದಿ. ಇದನ್ನು ಯಾರೂ ಉದ್ಘಾಟನೆ ಮಾಡಲಿಲ್ಲ. ವರ್ಷಗಟ್ಟಲೆ ವ್ಯವಹಾರ ಮಾಡಿ ಮಾಡಿ ಬೆಳೆದದ್ದು. ಕೇಕ್ ಮಾಡುವವರ, ಮೆಹಂದಿ ಹಾಕುವವರ, ಹೊಲಿಯುವವರ ಗುಂಪುಗಳು ಮೊದಲು ಮಾಡಬೇಕಾದ ಕೆಲಸವೂ ಇದೇ ಅಂತ ನನಗೆ ಅನಿಸುತ್ತದೆ. ಅರ್ಧ ಕಿಲೋ ಕೇಕಿಗೆ ನಿಜವಾದ ಖರ್ಚು ಎಷ್ಟು, ಕರೆಂಟು ಮತ್ತು ಡೆಲಿವರಿ ಸೇರಿಸಿ, ತನ್ನ ಕೂಲಿಯನ್ನೂ ಸೇರಿಸಿ ಅಂತ ಕೂತು ಲೆಕ್ಕ ಹಾಕಬೇಕು. ದರ ಎಲ್ಲರದ್ದೂ ಒಂದೇ ಆಗಬೇಕು ಅಂತಿಲ್ಲ. ಲೆಕ್ಕ ಎಲ್ಲರಿಗೂ ಗೊತ್ತಿರಬೇಕು.

ಪರಿಚಯಗಳಲ್ಲಿ ಎರಡು ಬಗೆ. ಹತ್ತಿರದ್ದು, ದೂರದ್ದು. ಹತ್ತಿರದ್ದು ಅಂದರೆ ಮನೆಯವರು, ನೆಂಟರು, ಸ್ವಸಹಾಯ ಸಂಘದ ಗೆಳತಿಯರು, ಚರ್ಚಿನ ವಾರ್ಡಿನವರು, ಜಾತಿ ಸಂಘದವರು. ಇವರು ಧೈರ್ಯ ಕೊಡುತ್ತಾರೆ, ಸಾಲಕ್ಕೆ ಜಾಮೀನು ನಿಲ್ಲುತ್ತಾರೆ, ಆರ್ಡರ್ ಜಾಸ್ತಿ ಇದ್ದ ದಿನ ಮಗುವನ್ನು ನೋಡಿಕೊಳ್ಳುತ್ತಾರೆ. ಇದಕ್ಕೆ ಬೆಲೆ ಕಟ್ಟಲು ಆಗದು. ಆದರೆ ಇವರಿಗೆ ಗೊತ್ತಿರುವುದು ನಮಗೂ ಗೊತ್ತು. ನಮಗೆ ಗೊತ್ತಿಲ್ಲದ ಗಿರಾಕಿ ಇವರಿಗೂ ಗೊತ್ತಿರುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನೇ ತೋರಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಅವರು ಕೇಳಿದ್ದು, ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ. ಪದೇ ಪದೇ ಸಿಗುತ್ತಿದ್ದವರು ಅಂದದ್ದು ಸುಮಾರು ಶೇ 17 ಮಂದಿ. ಆಗೊಮ್ಮೆ ಈಗೊಮ್ಮೆ ಅಂದವರು ಶೇ 56. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಅಪರೂಪ ಅಂದವರು ಶೇ 28. ಹೊಸ ಸುದ್ದಿ ದೂರದ ಪರಿಚಯದಿಂದ ಬರುತ್ತದೆ.

ನಮ್ಮೂರಿನಲ್ಲಿ ದೂರದ ಪರಿಚಯ ಯಾರು? ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಪಿಗ್ಮಿ ಕಲೆಕ್ಷನ್‌ನವರು. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಆದರೂ ಸರಿ, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕು ಹುಟ್ಟಿದ್ದೇ ನೇಕಾರರ ಕಷ್ಟ ನೋಡಿ. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ ಪಿಗ್ಮಿ ಅನ್ನುವ ಮಾತು ಕರಾವಳಿಯ ಅಂಗಡಿಗಳಲ್ಲಿ ಉಳಿದಿದೆ. ಸೊಸೈಟಿಗಳ ಪಿಗ್ಮಿಯವರು ದಿನಾ ಅಂಗಡಿಯಿಂದ ಅಂಗಡಿಗೆ ಹೋಗುತ್ತಾರೆ. ಯಾವ ಹೋಟೆಲು ಹೊಸದಾಗಿ ತೆರೆಯುತ್ತಿದೆ, ಯಾರ ವ್ಯಾಪಾರ ಕುಸಿದಿದೆ, ಯಾರು ಬಾಡಿಗೆಗೆ ಕೋಣೆ ಹುಡುಕುತ್ತಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ. ಹಾಗೆಯೇ ಪಾರ್ಸೆಲ್ ಇಟ್ಟುಕೊಳ್ಳುವ ಬಸ್ಸಿನ ಕಂಡಕ್ಟರ್, ಮದುವೆ ಹಾಲಿನ ಮ್ಯಾನೇಜರ್, ಮಣಿಪಾಲದ ಹಾಸ್ಟೆಲ್ ವಾರ್ಡನ್, ಜಿಎಸ್‌ಟಿ ಫೈಲ್ ಮಾಡಿಕೊಡುವ ಅಕೌಂಟೆಂಟ್. ಇವರ ಜೊತೆ ತಿಂಗಳಿಗೊಮ್ಮೆ ಎರಡು ನಿಮಿಷ ಮಾತಾಡಿದರೆ ಸಾಕು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ನಮ್ಮ ಎರಡೂ ಜಿಲ್ಲೆಗಳಲ್ಲಿ ಸಂಘ ಕಟ್ಟುವುದರಲ್ಲಿ ಜನ ಬಹಳ ಗಟ್ಟಿ. ಆದರೆ ಹೆಚ್ಚಿನ ಸಂಘಗಳು ಸಮುದಾಯದ ಹೆಸರಿನಲ್ಲೇ ಇವೆ. ಬಂಟರದ್ದು ಬೇರೆ, ಬಿಲ್ಲವರದ್ದು ಬೇರೆ, ಕೊಂಕಣಿಯವರದ್ದು, ಮೊಗವೀರರದ್ದು, ಬ್ಯಾರಿಗಳದ್ದು, ಕ್ರೈಸ್ತರದ್ದು ಬೇರೆ. ಕಷ್ಟಕಾಲದಲ್ಲಿ ಈ ಸಂಘಗಳು ಕೈ ಹಿಡಿದಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಉದ್ಯಮಕ್ಕೆ ಮಾತ್ರ ಇಷ್ಟು ಸಾಲದು. ಉಳ್ಳಾಲದಲ್ಲಿ ಬಿರಿಯಾನಿ ಮಾಡುವ ಬ್ಯಾರಿ ಅಕ್ಕನಿಗೂ ಕದ್ರಿಯಲ್ಲಿ ಮದುವೆ ಅಲಂಕಾರ ಮಾಡುವ ಹುಡುಗಿಗೂ ಪರಿಚಯವಾದರೆ ಇಬ್ಬರಿಗೂ ಕೆಲಸ ಸಿಗುತ್ತದೆ. ಒಂದೇ ಸಮುದಾಯದ ಗುಂಪಿನಲ್ಲಿ ಆ ಪರಿಚಯ ಆಗುವುದೇ ಇಲ್ಲ. ದಲಿತ ಹೆಣ್ಣುಮಕ್ಕಳು ಮಾಡುವ ಅಡುಗೆಯನ್ನು ಕೊಳ್ಳಲು ಹಿಂದೆಮುಂದೆ ನೋಡುವ ಸಂಘ, ಎಷ್ಟು ದಾನ ಮಾಡಿದರೂ ಅದನ್ನು ಸಮಾಜ ಸೇವೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹೆಂಗಸರಿಗೆ ಇರುವ ಇನ್ನೊಂದು ಅಡ್ಡಿ ಸಮಯದ್ದು. ವ್ಯಾಪಾರಿಗಳ ಸಭೆಗಳು ಬೆಳಗ್ಗೆ ಏಳಕ್ಕೆ, ಇಲ್ಲವೇ ರಾತ್ರಿ ಎಂಟಕ್ಕೆ. ಡಬ್ಬಿ ಕಟ್ಟುವ ಹೊತ್ತು, ಅಡುಗೆಯ ಹೊತ್ತು. ಹೆಂಗಸರೇ ಕಟ್ಟುವ ಗುಂಪು ಹನ್ನೊಂದು ಗಂಟೆಗೆ ಸೇರಬಹುದು, ಅಲ್ವಾ? ಉಡುಪಿಯಲ್ಲಿ ಪವರ್ ಅನ್ನುವ ಮಹಿಳಾ ಉದ್ಯಮಿಗಳ ವೇದಿಕೆ ಇದೆ, ಅವರ ಪವರ್ ಪರ್ಬದಲ್ಲಿ ಮಳಿಗೆ ಇಡಲು ಜಾಗ ಸಿಗುತ್ತದೆ. ಇಂಥ ಕಡೆ ಆತ್ಮವಿಶ್ವಾಸ ಬೆಳೆಯುತ್ತದೆ. ಆದರೆ ದೊಡ್ಡ ಖರೀದಿ ಮಾಡುವವರು, ಅಂದರೆ ಹೋಟೆಲಿನ ಪರ್ಚೇಸ್ ಮ್ಯಾನೇಜರ್, ಆಸ್ಪತ್ರೆಯ ಕ್ಯಾಂಟೀನ್ ಗುತ್ತಿಗೆದಾರ, ಇವರೆಲ್ಲ ಹೆಂಗಸರ ಗುಂಪಿನಲ್ಲಿ ಇರುವುದಿಲ್ಲ. ಅದಕ್ಕೆ 1940ರಿಂದ ಮಂಗಳೂರಿನಲ್ಲಿರುವ ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯಂಥ ಜಾಗಕ್ಕೂ ಕಾಲಿಡಬೇಕು. ಒಬ್ಬರೇ ಹೋಗಲು ಮುಜುಗರ ಆದರೆ ಇಬ್ಬರು ಹೋಗಿ.

ಸಭೆಯಲ್ಲಿ ಕೇಳುವ ರೀತಿಯೂ ಮುಖ್ಯ. "ನನಗೂ ಆರ್ಡರ್ ಕೊಡಿಸಿ" ಅಂದರೆ ಕೇಳಿದವರು ತಲೆಯಾಡಿಸಿ ಮರೆಯುತ್ತಾರೆ. "ಸುರತ್ಕಲ್‌ನಿಂದ ಮೂಲ್ಕಿವರೆಗೆ ಯಾವ ಮದುವೆ ಹಾಲಿನಲ್ಲಿ ಸಂಜೆ ತಿಂಡಿಗೆ ಹೊರಗಿನವರನ್ನು ಬಿಡ್ತಾರೆ?" ಅಂತ ಕೇಳಿದರೆ ಯಾರಾದರೊಬ್ಬರಿಗೆ ಉತ್ತರ ಗೊತ್ತಿರುತ್ತದೆ. ಅವರು ಕೊಟ್ಟ ನಂಬರಿಗೆ ಫೋನ್ ಮಾಡಿದ ಮೇಲೆ ಏನಾಯಿತು ಅಂತ ಅವರಿಗೆ ತಿಳಿಸಬೇಕು. ಕೆಲಸ ಆಗದಿದ್ದರೂ ತಿಳಿಸಬೇಕು. ಒಬ್ಬರು ನಿಮ್ಮ ಹೆಸರು ಹೇಳಿದರು ಅಂದರೆ ಅವರು ತಮ್ಮ ಮರ್ಯಾದೆಯನ್ನೇ ಪಣಕ್ಕಿಟ್ಟರು ಅಂತ ಅರ್ಥ. ಹತ್ತು ಗಂಟೆಗೆ ಕೊಡಬೇಕಾದ ಚಪಾತಿ ಹನ್ನೆರಡಕ್ಕೆ ಹೋದರೆ ಮಾತು ಕೇಳುವುದು ನೀವಷ್ಟೇ ಅಲ್ಲ, ಅವರೂ ಕೇಳುತ್ತಾರೆ. ನೆಟ್‌ವರ್ಕ್ ಅನ್ನುವುದು ಹೊಣೆಗೆ ತಿರುಗುವುದು ಈ ಜಾಗದಲ್ಲಿ.

ಈಗ ಹೊಣೆಯ ವಿಷಯ. ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಅನ್ನುವ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಕಾನೂನಿನಲ್ಲಿ ಅದು ಏನು ಅಂತ ಸ್ಪಷ್ಟ ಮಾಡಿಕೊಳ್ಳುವುದು ಒಳ್ಳೆಯದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇದರಲ್ಲಿ ಯಾವುದಾದರೂ ಒಂದು ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ನಮ್ಮ ಹೆಚ್ಚಿನ ಉದ್ಯಮಗಳು ಕಂಪನಿಯೇ ಅಲ್ಲ. 2025ರ ಏಪ್ರಿಲ್‌ನಿಂದ ಬಂದ ಹೊಸ ಅಳತೆಯಲ್ಲಿ ಅತಿಸಣ್ಣ ಉದ್ಯಮ ಅಂದರೆ ಯಂತ್ರ, ಸಲಕರಣೆಯ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿಯ ಒಳಗೆ. ಹಪ್ಪಳದ ಘಟಕ, ಪಾರ್ಲರ್, ಪಿಜಿ ಎಲ್ಲ ಇದರೊಳಗೆ ಆರಾಮವಾಗಿ ಕೂರುತ್ತವೆ. ಹಾಗಾಗಿ ಶೇ 2ರ ನಿಯಮ ನಮಗೆ ಅನ್ವಯಿಸದು. ದಾನ ಮಾಡಲಿಲ್ಲ ಅಂತ ಯಾರೂ ಕುಗ್ಗಬೇಕಾಗಿಲ್ಲ.

ಹಾಗಾದರೆ ನಮ್ಮ ಹೊಣೆ ಎಲ್ಲಿದೆ? ಹತ್ತಿರದಿಂದ ದೂರಕ್ಕೆ ಲೆಕ್ಕ ಹಾಕಿ. ಮೊದಲು ನಮಗಾಗಿ ದುಡಿಯುವವರು, ಆಮೇಲೆ ಕೊಳ್ಳುವವರು, ಆಮೇಲೆ ನೆರೆಹೊರೆ. ಆಶ್ರಮದ ಊಟ ಇದೆಲ್ಲ ಆದ ಮೇಲೆ.

ದುಡಿಯುವವರು ಅಂದಾಗ ಅಂಗಡಿಯಲ್ಲಿ ನಿಂತ ಹುಡುಗಿ ಕಣ್ಣಿಗೆ ಬೀಳುತ್ತಾಳೆ. ಮನೆಯಲ್ಲಿ ಕೂತು ಪೀಸ್ ಲೆಕ್ಕದಲ್ಲಿ ಮಾಡಿಕೊಡುವವರು ಬೀಳುವುದಿಲ್ಲ. ಸೀರೆಗೆ ಕುಚ್ಚು ಕಟ್ಟುವುದನ್ನೇ ತೆಗೆದುಕೊಳ್ಳಿ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ಬೊಟೀಕಿನವರು ಗಿರಾಕಿಯಿಂದ 500 ರೂಪಾಯಿ ತೆಗೆದುಕೊಳ್ಳುತ್ತಾರೆ, ಕಟ್ಟುವವರಿಗೆ 150 ಕೊಡುತ್ತಾರೆ. ಕೇಳಲು ಪರವಾಗಿಲ್ಲ ಅನಿಸುತ್ತದೆ. ಆದರೆ ಸೆರಗಿನ ನೂಲು ಬಿಡಿಸಿ, ಸಮ ಭಾಗ ಮಾಡಿ, ಗಂಟು ಹಾಕಿ, ಮಣಿ ಪೋಣಿಸಲು ಮೂರೂವರೆ ಗಂಟೆ ಬೇಕು. ಮಣಿ, ನೂಲು ಅವರದ್ದೇ ಆದರೆ ಅದಕ್ಕೆ 30 ರೂಪಾಯಿ ಹೋಯಿತು. ಉಳಿದದ್ದು 120. ಗಂಟೆಗೆ 34 ರೂಪಾಯಿ. ಎಂಟು ಗಂಟೆ ಕೂತರೂ ದಿನಕ್ಕೆ 275 ರೂಪಾಯಿ ದಾಟುವುದಿಲ್ಲ. ಕಣ್ಣು ನೋವು, ಕುತ್ತಿಗೆ ನೋವು ಬೇರೆ. ಪೀಸ್ ದರ ನಿಗದಿ ಮಾಡುವಾಗ ಗಡಿಯಾರ ಇಟ್ಟುಕೊಂಡು ಒಂದು ಸಲ ಕೂತು ನೋಡಿದರೆ ಈ ಅಂಕಿ ಗೊತ್ತಾಗುತ್ತದೆ. ದರ 150ರಿಂದ 220ಕ್ಕೆ ಏರಿಸಿ, ಗಿರಾಕಿಗೆ 550 ಅಂದರೆ ಎಷ್ಟು ಮಂದಿ ಬಿಟ್ಟು ಹೋಗುತ್ತಾರೆ? ಎರಡೂ ಕಡೆ ಹೆಣ್ಣೇ ಇರುವ ವ್ಯವಹಾರದಲ್ಲಿ ಈ ಪ್ರಶ್ನೆ ಕೇಳಿಕೊಳ್ಳದೆ ಮಹಿಳಾ ಸಬಲೀಕರಣದ ಮಾತಾಡಲು ಆಗದು ಅಂತ ನಾನು ನಂಬಿದ್ದೇನೆ.

ಇದು ಸಾಧ್ಯ ಅನ್ನುವುದಕ್ಕೆ ಉಡುಪಿ ಸೀರೆ ನೋಡಿ. ಕೈಮಗ್ಗದ ಈ ಹತ್ತಿ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೂ ನೇಯುವವರು ಕಡಿಮೆಯಾಗುತ್ತಾ ಬಂದು, ಮಗ್ಗ ನಿಂತೇ ಹೋಗುತ್ತದೆ ಅನ್ನುವ ಸ್ಥಿತಿ ಬಂದಿತ್ತು. ಕಾರಣ ಸರಳ, ಮಜೂರಿ ಸಾಲುತ್ತಿರಲಿಲ್ಲ. ಕಾರ್ಕಳದ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಸೇರಿ ಕೊಳ್ಳುವವರನ್ನು ನೇರವಾಗಿ ಹುಡುಕಿತು, ಸೀರೆಯ ಹಿಂದಿನ ಶ್ರಮವನ್ನು ಅವರಿಗೆ ತಿಳಿಸಿ ಹೇಳಿತು. ನೇಯ್ಗೆ ಬಿಟ್ಟವರು ಮರಳಿ ಬಂದರು, ಹೊಸಬರು ಕಲಿತರು. ಇಲ್ಲಿ ಮಾರಾಟದ ಜಾಲ ಬೆಳೆಸಿದ್ದು ಮತ್ತು ನೇಕಾರರ ಬಗ್ಗೆ ಹೊಣೆ ಹೊತ್ತದ್ದು ಒಂದೇ ಕೆಲಸವಾಗಿತ್ತು.

ಕೆಲಸದವರ ವಿಷಯದಲ್ಲಿ ಕಾನೂನಿನ ಒಂದು ಮಾತು ತುಂಬಾ ಮಂದಿಗೆ ಗೊತ್ತಿಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಮಾಲಕಿ ಹೆಣ್ಣು, ಕೆಲಸದವರೂ ಹೆಣ್ಣುಮಕ್ಕಳು ಅಂದ ಮಾತ್ರಕ್ಕೆ ವಿನಾಯಿತಿ ಇಲ್ಲ. ಡೆಲಿವರಿಗೆ ಬರುವವ, ಗಿರಾಕಿ, ಮಾಲಕಿಯ ಮನೆಯ ಗಂಡಸರು ಇವರಿಂದಲೂ ಕಿರುಕುಳ ಆಗಬಹುದಲ್ಲ. 10ಕ್ಕಿಂತ ಕಡಿಮೆ ಜನ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರು ಮಾಲಕರ ಮೇಲೇ ಇದ್ದರೂ ಹೋಗಬೇಕಾದ್ದು ಅಲ್ಲಿಗೇ. ಮನೆಗೆಲಸದವರಿಗೂ ಈ ದಾರಿ ತೆರೆದಿದೆ. ಇದನ್ನು ಕೆಲಸಕ್ಕೆ ಸೇರಿದ ದಿನವೇ ಹುಡುಗಿಯರಿಗೆ ಹೇಳಿಬಿಡಬೇಕು. ಇನ್ನೊಂದು, ಕೂರಲು ಸ್ಟೂಲ್. ಪಕ್ಕದ ಕೇರಳದಲ್ಲಿ ಅಂಗಡಿ ಕೆಲಸದವರಿಗೆ ಕೂರುವ ವ್ಯವಸ್ಥೆ ಇರಬೇಕು ಅಂತ 2018ರಲ್ಲಿ ಕಾನೂನೇ ಬಂತು. ಸೀರೆ ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವ ಹೆಂಗಸರು ಹೋರಾಡಿ ಪಡೆದದ್ದು. ನಾವು ಯಾರೂ ಹೇಳದೆಯೇ ಇದನ್ನು ಮಾಡಬಹುದು.

ಕೊಳ್ಳುವವರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತಿಂಡಿ ಮಾರುವವರು ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಪ್ಯಾಕೆಟಿನ ಮೇಲೆ ಏನೇನಿದೆ, ಯಾವಾಗ ಮಾಡಿದ್ದು, ಎಷ್ಟು ತೂಕ ಅಂತ ಬರೆಯಬೇಕು. ತೆಂಗಿನೆಣ್ಣೆ ಅಂತ ಹೇಳಿ ತಾಳೆ ಎಣ್ಣೆಯಲ್ಲಿ ಕರಿದರೆ ಕರಾವಳಿಯ ನಾಲಿಗೆಗೆ ಒಂದೇ ತುತ್ತಿಗೆ ಗೊತ್ತಾಗುತ್ತದೆ.

ನೆರೆಹೊರೆ ಅಂದರೆ ಮುಖ್ಯವಾಗಿ ಕಸ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರ ಅನ್ನುವ ಊರಿನ ಮನೆ, ತೋಟಗಳನ್ನು ಮುಚ್ಚಿತು. ಹಲವು ಕುಟುಂಬಗಳು ಮನೆ ಬಿಟ್ಟವು, ಅಡಿಕೆ ತೋಟಗಳು ಹೋದವು. ಆ ರಾಶಿಯಲ್ಲಿ ಇಡೀ ನಗರದ ಕಸ ಇತ್ತು, ನಮ್ಮ ಉದ್ಯಮಗಳದ್ದೂ ಇತ್ತು. ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಇದೆ. ಅಡಿಕೆ ಹಾಳೆಯ ತಟ್ಟೆ ಮಾಡುವವರು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟು ಇದ್ದಾರೆ. ಕೇಟರಿಂಗ್ ಮಾಡುವ ಐದು ಹೆಂಗಸರು ಒಟ್ಟಾಗಿ ಖರೀದಿಸಿದರೆ ರೇಟು ಇಳಿಯುತ್ತದೆ. ಒಬ್ಬರಿಗೆ ದುಬಾರಿ ಅನಿಸುವ ಹೊಣೆಯನ್ನು ನೆಟ್‌ವರ್ಕ್ ಅಗ್ಗ ಮಾಡುವುದು ಹೀಗೆ.

ಹೊಣೆ ಒಂದೇ ಕಡೆಯಿಂದ ಆಗಬಾರದು. ದೊಡ್ಡವರಿಗೂ ನಮ್ಮ ಬಗ್ಗೆ ಹೊಣೆ ಇದೆ, ಅದು ಕಾನೂನಿನಲ್ಲೇ ಇದೆ. ಸಣ್ಣ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ ಅತಿಸಣ್ಣ ಅಥವಾ ಸಣ್ಣ ಉದ್ಯಮದಿಂದ ಮಾಲು ಅಥವಾ ಸೇವೆ ಪಡೆದವರು ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಇದ್ದರೆ ಬಡ್ಡಿ ವರ್ಷಕ್ಕೆ ಶೇ 16.5. ಮಾಲು ಸರಿಯಿಲ್ಲ ಅನ್ನುವುದಿದ್ದರೆ 15 ದಿನದೊಳಗೆ ಬರಹದಲ್ಲಿ ಹೇಳಬೇಕು. ಮೂರು ತಿಂಗಳ ನಂತರ ಹಣ ಕೇಳಿದಾಗ ನೆಪ ತೆಗೆಯುವಂತಿಲ್ಲ. ಇದರ ಮೇಲೆ, 2024-25ರ ಅಸೆಸ್‌ಮೆಂಟ್ ವರ್ಷದಿಂದ ಆದಾಯ ತೆರಿಗೆಯಲ್ಲೂ ಬಿಗಿ ಬಂದಿದೆ. ಸಮಯಕ್ಕೆ ಕೊಡದ ಹಣವನ್ನು ಆ ವರ್ಷದ ಖರ್ಚಾಗಿ ತೋರಿಸಲು ಆಗದು, ಕೊಟ್ಟ ವರ್ಷವೇ ತೋರಿಸಬೇಕು.

ಇದರ ಲಾಭ ಸಿಗಬೇಕಾದರೆ ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರಕಾರದಲ್ಲಿ ದಾಖಲಾತಿ, ಮಾಡಿಸಿರಬೇಕು. ಆಧಾರ್ ಮತ್ತು ಪ್ಯಾನ್ ಇದ್ದರೆ ಸರಕಾರದ ಜಾಲತಾಣದಲ್ಲಿ ಪುಕ್ಕಟೆ ಆಗುತ್ತದೆ. ಹಣ ಕೇಳುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನೋಂದಣಿ ನಂಬರನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಒಂದು ಎಚ್ಚರ ಬೇಕು. ಸೂರತ್‌ನಿಂದ ಸೀರೆ ತಂದು ಮಾರುವಂಥ ಬರೀ ವ್ಯಾಪಾರಕ್ಕೆ ಉದ್ಯಮ್ ನೋಂದಣಿ ಸಿಗುತ್ತದೆ, ಬ್ಯಾಂಕ್ ಸಾಲದ ಆದ್ಯತೆಯೂ ಸಿಗುತ್ತದೆ, ಆದರೆ ಈ 45 ದಿನದ ರಕ್ಷಣೆ ಸಿಗುವುದಿಲ್ಲ. ಮಾಡುವವರಿಗೆ, ಸೇವೆ ಕೊಡುವವರಿಗೆ ಮಾತ್ರ.

ಹಕ್ಕು ಇದ್ದರೂ ಒಬ್ಬ ಹೆಣ್ಣುಮಗಳು ದೊಡ್ಡ ಹೋಟೆಲಿನ ಮೇಲೆ ಬಾಕಿ ಹಣದ ದೂರು ಕೇಳುವ ಸರಕಾರಿ ಪೋರ್ಟಲ್‌ನಲ್ಲಿ ದೂರು ಹಾಕಲು ಹೆದರುತ್ತಾಳೆ. ಮುಂದಿನ ಆರ್ಡರ್ ಹೋದರೆ ಅನ್ನುವ ಭಯ ಸುಳ್ಳಲ್ಲ. ದೂರಿಗೆ ಮೊದಲು ಒಂದು ಹೆಜ್ಜೆ ಇದೆ. ಸದಸ್ಯೆಯ ಬಾಕಿ 45 ದಿನ ದಾಟಿದರೆ ಗುಂಪಿನ ಲೆಟರ್‌ಹೆಡ್‌ನಲ್ಲಿ ಕಾಯ್ದೆಯ ಸೆಕ್ಷನ್ ಬರೆದು, ವಿನಯದಿಂದ ಒಂದು ನೆನಪಿನ ಪತ್ರ. ಕಳುಹಿಸುವುದು ಅಧ್ಯಕ್ಷೆ, ಹಣ ಬರಬೇಕಾದವಳಲ್ಲ. ತಿಂಗಳ ಸಭೆಯಲ್ಲಿ ಅತಿಥಿ ಭಾಷಣಕ್ಕಿಂತ ಮೊದಲು "ಯಾರ ಬಿಲ್ ಬಾಕಿ ಇದೆ?" ಅಂತ ಕೇಳುವ ಗುಂಪು ನಿಜವಾದ ನೆಟ್‌ವರ್ಕ್.

ಸರಕಾರಿ ಖರೀದಿಯ ಬಾಗಿಲೂ ಇದೆ. ಕೇಂದ್ರ ಸರಕಾರದ ಇಲಾಖೆಗಳು, ಕಂಪನಿಗಳು ತಮ್ಮ ಖರೀದಿಯ ಶೇ 25ನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು, ಅದರೊಳಗೆ ಶೇ 3 ಹೆಂಗಸರ ಉದ್ಯಮಗಳಿಗೆ ಮೀಸಲು. ಎಂಆರ್‌ಪಿಎಲ್‌ನಂಥ ಕೇಂದ್ರ ಸರಕಾರದ ತೈಲ ಕಂಪನಿ ಇರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಜೆಮ್ ಅನ್ನುವ ಸರಕಾರಿ ಖರೀದಿಯ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಹಣ, ತರಬೇತಿಗೂ ದಾರಿಗಳಿವೆ. ಪಿಎಂಇಜಿಪಿ ಅನ್ನುವ ಕೇಂದ್ರದ ಸ್ವಉದ್ಯೋಗ ಯೋಜನೆಯ ಸಾಲದಲ್ಲಿ ಹಳ್ಳಿಯ ಹೆಂಗಸರ ಹೊಸ ಘಟಕಕ್ಕೆ ಶೇ 35, ನಗರದಲ್ಲಿ ಶೇ 25 ಸಹಾಯಧನ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾಗಿ ದೇಶಕ್ಕೇ ಮಾದರಿಯಾದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ. ಬ್ರಹ್ಮಾವರದಲ್ಲೂ ಇದೆ.

ಇನ್ನು ಸಮಾಜ ಸೇವೆಯ ಹೆಸರಲ್ಲಿ ಹೆಂಗಸರಿಂದ ಪುಕ್ಕಟೆ ದುಡಿಸಿಕೊಳ್ಳುವ ವಿಷಯ. "ನಮ್ಮದೇ ಕಾರ್ಯಕ್ರಮ ಅಲ್ವಾ, ತಿಂಡಿ ನೀವೇ ನೋಡ್ಕೊಳ್ಳಿ." "ಮಕ್ಕಳ ಡ್ಯಾನ್ಸ್ ಮಾರಾಯ್ರೆ, ಮೇಕಪ್ಪಿಗೆ ಏನು ತಗೊಳ್ತೀರಿ?" ಶಾಮಿಯಾನದವರಿಗೆ, ಮೈಕಿನವರಿಗೆ ಈ ಮಾತು ಯಾರೂ ಹೇಳುವುದಿಲ್ಲ. ಅವರಿಗೆ ಪೂರಾ ಬಿಲ್. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ. ಕೊಡಲು ಮನಸ್ಸಿದ್ದರೆ ಕೊಡಿ, ಆದರೆ ಬಿಲ್ ಬರೆದು ಕೊಡಿ. 200 ಜನರಿಗೆ ತಿಂಡಿ, ತಲಾ 60ರಂತೆ 12,000. ಸಂಘಕ್ಕೆ ನಮ್ಮ ಕೊಡುಗೆ 3,000. ಕೊಡಬೇಕಾದ್ದು 9,000. ಹೀಗೆ ಬರೆದರೆ ಕೆಲಸದ ಬೆಲೆ ಎಷ್ಟು ಅಂತ ಕಾಣುತ್ತದೆ, ಕೊಟ್ಟದ್ದೂ ಕಾಣುತ್ತದೆ. ಮುಂದಿನ ವರ್ಷ 9,000ವೇ ನಿಮ್ಮ ರೇಟು ಅಂತ ಯಾರೂ ಹೇಳಲಾರರು. ಅದಕ್ಕೂ ಮೊದಲು ನೆನಪಿಡಬೇಕಾದ್ದು, ಆ ತಿಂಡಿ ಮಾಡಲು ಬಂದ ಇಬ್ಬರು ಸಹಾಯಕಿಯರ ಕೂಲಿಯಲ್ಲಿ ಒಂದು ಪೈಸೆಯೂ ಕಡಿಮೆ ಆಗಬಾರದು. ದಾನ ನಮ್ಮ ಲಾಭದಿಂದ ಹೋಗಬೇಕು, ಅವರ ಕೂಲಿಯಿಂದಲ್ಲ.

ಕೊನೆಯದಾಗಿ, ದೊಡ್ಡ ಕಂಪನಿಗಳ ಸಿಎಸ್‌ಆರ್ ಹಣ ನಮ್ಮ ಗುಂಪುಗಳಿಗೆ ಬರಬಹುದೇ? ಬರಬಹುದು. ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಮಹಿಳಾ ಸಬಲೀಕರಣ, ಜೀವನೋಪಾಯದ ಕೆಲಸಗಳು ಸೇರಿವೆ. ಆದರೆ ಹಣ ವ್ಯಕ್ತಿಯ ಉದ್ಯಮಕ್ಕೆ ಬರುವುದಿಲ್ಲ, ವಾಟ್ಸಾಪ್ ಗುಂಪಿಗೂ ಬರುವುದಿಲ್ಲ. ಸೊಸೈಟಿ ಅಥವಾ ಟ್ರಸ್ಟ್ ಅಂತ ನೋಂದಣಿ ಆಗಿರಬೇಕು, ಸಂಸ್ಥೆಗೆ ಮತ್ತು ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡುವ ಆದಾಯ ತೆರಿಗೆ ಇಲಾಖೆಯ ಮಾನ್ಯತೆ (12ಎ ಮತ್ತು 80ಜಿ) ಇರಬೇಕು, ಸಿಎಸ್‌ಆರ್ ಹಣ ಪಡೆಯಲು ಸರಕಾರದಲ್ಲಿ ಹೆಸರು ದಾಖಲಿಸುವ ಸಿಎಸ್‌ಆರ್-1 ಫಾರಂ ತುಂಬಿರಬೇಕು. ಇಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವವನ್ನೂ ಕೇಳುತ್ತಾರೆ. ಅನುಭವಕ್ಕೆ ಸಾಕ್ಷಿ ಕಾಗದದಲ್ಲಿ ಬೇಕು. ಹಾಗಾಗಿ ಈಗಿನಿಂದಲೇ ಸಭೆಯ ನಡಾವಳಿ ಬರೆದಿಡಿ. ಯಾರಿಗೆ ಏನು ಕಲಿಸಿದಿರಿ, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಪೀಸ್ ದರ ಎಷ್ಟರಿಂದ ಎಷ್ಟಕ್ಕೆ ಏರಿತು ಅಂತ ದಾಖಲೆ ಇಡಿ. ಪ್ರತಿ ಮಾರ್ಚ್‌ಗೆ ಲೆಕ್ಕ ಮುಚ್ಚಿ ಆಡಿಟ್ ಮಾಡಿಸಿ. ಕಂಪನಿಯವರ ಮುಂದೆ ಹೋದಾಗ ಅವರು ಮೊದಲು ತೆರೆದು ನೋಡುವುದು ಆ ಮೂರು ವರ್ಷದ ಆಡಿಟ್ ವರದಿಯನ್ನೇ.